ಚಪ್ಪರಕ್ಕೆ ಬಾಗಿಲಿಲ್ಲ

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಬೆಳೆದ ಹಿರಿಯರು ತಾವು ಕೇಳಿದ ಮೊದಲ ಸಂಗೀತ ಕಚೇರಿಯ ಮಾತೆತ್ತಿದರೆ ರಾಗದಿಂದ ಶುರು ಮಾಡುವುದು ಅಪರೂಪ. ಹಸಿ ತೆಂಗಿನ ಗರಿಯ ವಾಸನೆ, ದೊನ್ನೆಯಲ್ಲಿ ಕೊಟ್ಟ ಕೋಸಂಬರಿ, ಪಾನಕದ ಲೋಟದ ತಳದಲ್ಲಿ ಉಳಿದ ಏಲಕ್ಕಿ ಸಿಪ್ಪೆ, ಜಮಖಾನದ ಮೇಲೆ ಅಮ್ಮನ ತೊಡೆಗೆ ತಲೆಯಿಟ್ಟು ನಿದ್ದೆ ಹೋದದ್ದು, ತನಿ ಆವರ್ತನದ ಮೃದಂಗಕ್ಕೆ ಬೆಚ್ಚಿ ಎದ್ದದ್ದು, ಇವು ಮೊದಲು ಬರುತ್ತವೆ. ಯಾರು ಹಾಡಿದರು, ಏನು ಹಾಡಿದರು ಎಂಬುದು ಆಮೇಲೆ, ಅದೂ ಅಪ್ಪನೋ ಸೋದರಮಾವನೋ ಹೇಳಿದ್ದನ್ನು ಸೇರಿಸಿಕೊಂಡು. ಸಂಗೀತದ ಚರಿತ್ರೆ ಬರೆಯುವವರು ಇಂಥ ನೆನಪುಗಳನ್ನು ಸಾಮಾನ್ಯವಾಗಿ ಪಕ್ಕಕ್ಕೆ ಸರಿಸುತ್ತಾರೆ. ಅವರಿಗೆ ಬೇಕಾದದ್ದು ವಾಗ್ಗೇಯಕಾರರು, ಗುರುಪರಂಪರೆ, ಆಸ್ಥಾನದ ಬಿರುದು, ಸಭೆ ಹುಟ್ಟಿದ ವರ್ಷ. ಕೋಸಂಬರಿಯೆಲ್ಲ ಬರೀ ಹಳಹಳಿಕೆ ಎಂದು ಅವರ ಎಣಿಕೆ. ನನಗೆ ಹಾಗನ್ನಿಸುವುದಿಲ್ಲ. ಹಳೇ ಮೈಸೂರು ಸೀಮೆಯಲ್ಲಿ ಶಾಸ್ತ್ರೀಯ ಸಂಗೀತಕ್ಕೆ ಇಷ್ಟು ದೊಡ್ಡ ಕೇಳುಗರ ಬಳಗ ಬೆಳೆದದ್ದು ಅರಮನೆಯ ದರ್ಬಾರಿನಲ್ಲೂ ಅಲ್ಲ, ಟಿಕೆಟ್ಟಿನ ಸಭಾಂಗಣದಲ್ಲೂ ಅಲ್ಲ, ರಾಮನವಮಿಯ ಚಪ್ಪರದಲ್ಲಿ. ಆ ದೊನ್ನೆ, ಆ ಜಮಖಾನ, ಆ ನಿದ್ದೆ ಇವೆಲ್ಲ ಸಂಗೀತದ ಪಕ್ಕದಲ್ಲಿ ಸುಮ್ಮನೆ ಇದ್ದವಲ್ಲ. ಕೇಳುಗನನ್ನು ತಯಾರು ಮಾಡಿದ್ದೇ ಅವು ಎಂಬುದು ನನ್ನ ವಾದ.

ಪಂಚಾಂಗದಿಂದಲೇ ಶುರು ಮಾಡೋಣ. ಯುಗಾದಿಯಿಂದ ನವಮಿಯವರೆಗಿನ ಒಂಬತ್ತು ದಿನ ಗರ್ಭೋತ್ಸವ, ನವಮಿಯಿಂದ ಮುಂದಕ್ಕೆ ಜನ್ಮೋತ್ಸವ. ಯಾವುದನ್ನು ಹಿಡಿದರೂ ಸರಿ, ಎರಡನ್ನೂ ಸೇರಿಸಿದರೂ ಸರಿ, ಪಟ್ಟಾಭಿಷೇಕದವರೆಗೆ ಎಳೆದರೂ ತಪ್ಪಿಲ್ಲ. ದಸರೆಗೆ ಹತ್ತು ದಿನದ ಕಟ್ಟುಂಟು. ರಾಮೋತ್ಸವಕ್ಕೆ ಅಂಥ ಕಟ್ಟಿಲ್ಲ. ವಿದ್ವಾಂಸರ ಬಿಡುವು ಸಿಕ್ಕ ಹಾಗೆ, ಕೈಯಲ್ಲಿರುವ ವಂತಿಗೆಯ ಹಣ ಒದಗಿದ ಹಾಗೆ ಅದನ್ನು ಹಿಗ್ಗಿಸಬಹುದಿತ್ತು. ಮದರಾಸಿನ ಸಂಗೀತದ ಹಂಗಾಮು ಡಿಸೆಂಬರಿನದು. ಚೈತ್ರದ ಹೊತ್ತಿಗೆ ಅಲ್ಲಿ ಸೆಕೆ, ಕಚೇರಿಗಳು ಕಡಿಮೆ. ಬೆಂಗಳೂರಿನಲ್ಲಿ ಆಗ ಹಗಲು ಬಿಸಿಲಿದ್ದರೂ ಸಂಜೆಗೆ ಗಾಳಿಯಾಡುತ್ತಿತ್ತು. ಮಕ್ಕಳ ಪರೀಕ್ಷೆ ಮುಗಿದಿರುತ್ತಿತ್ತು ಅಥವಾ ಮುಗಿಯುವುದರಲ್ಲಿರುತ್ತಿತ್ತು. ಮುಂಗಾರಿಗೆ ಇನ್ನೂ ಎರಡು ತಿಂಗಳು. ವರ್ಷದಲ್ಲಿ ಹೀಗೆ ಸಂಜೆಹೊತ್ತು ಬಯಲಲ್ಲಿ ನಾಲ್ಕು ತಾಸು ಕೂರಬಹುದಾದ ಒಂದು ಸಂದು ಸಿಗುವುದೇ ಆಗ. ಆ ಸಂದಿಗೂ ಒಂದು ಹೆದರಿಕೆಯಿತ್ತು: ಅಶ್ವಿನಿ, ಭರಣಿ ಮಳೆ. ಸರ್ವೆ ಕಂಬ ನೆಟ್ಟು, ಅಡ್ಡಕ್ಕೆ ಬಿದಿರ ಗಳು ಕಟ್ಟಿ, ಹೆಣೆದ ತೆಂಗಿನ ಗರಿ ಹೊದಿಸಿದ ಚಪ್ಪರ ಬಿಸಿಲನ್ನು ತಡೆಯುತ್ತದೆ, ಮಳೆಯನ್ನಲ್ಲ. ಸಾಯಂಕಾಲ ಮೋಡ ಕವಿದರೆ ವೇದಿಕೆಯ ಮೇಲಿನ ಮೃದಂಗಕ್ಕೆ ಮೊದಲು ಬಟ್ಟೆ ಹೊದಿಸುತ್ತಾರೆ. ಚರ್ಮಕ್ಕೆ ತೇವ ತಗಲಿದರೆ ಶ್ರುತಿ ಇಳಿಯುತ್ತದೆ. ಇನ್ನು ಪಾನಕ, ನೀರುಮಜ್ಜಿಗೆ, ಹೆಸರುಬೇಳೆಯ ಕೋಸಂಬರಿ. ನೈವೇದ್ಯವೆಂದು ಹೆಸರು, ಬಿಸಿಲಲ್ಲಿ ನಡೆದು ಬಂದವರ ದಾಹಕ್ಕೆ ನಮ್ಮ ಸೀಮೆ ಕಂಡುಕೊಂಡ ಔಷಧವೂ ಅದೇ.

ಊರಿನ ನಕ್ಷೆಯೂ ಈ ಕತೆಯಲ್ಲಿ ಪಾಲುದಾರ. ಚಾಮರಾಜಪೇಟೆ ತಲೆಯೆತ್ತಿದ್ದು 1892ರಲ್ಲಿ. 1898ರ ಪ್ಲೇಗು ಹಳೇ ಪೇಟೆಯನ್ನು ಖಾಲಿ ಮಾಡಿಸಿದ ಮೇಲೆ ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. ಪೇಟೆಯ ಓಣಿಗಳಲ್ಲಿ ಒಂದೊಂದು ಬೀದಿಗೂ ಒಂದೊಂದು ಕಸುಬು, ಒಂದೊಂದು ಕುಲ, ಒಂದೊಂದು ಗುಡಿ. ಹೊಸ ಬಡಾವಣೆಗಳಲ್ಲಿ ನೇರ ರಸ್ತೆ, ಮೇನು, ಕ್ರಾಸು, ನಂಬರು ಹಾಕಿದ ಮನೆ. ಅಕ್ಕಪಕ್ಕದವರು ಹಾಸನದಿಂದಲೋ ಕೋಲಾರದಿಂದಲೋ ಸರ್ಕಾರಿ ಕೆಲಸಕ್ಕೆ ಬಂದವರು, ಪರಸ್ಪರ ಹೊಸಬರು. ಅವರಿಗೆ ಗ್ರಾಮದೇವತೆಯಿಲ್ಲ, ಜಾತ್ರೆಯಿಲ್ಲ, ಆದರೆ ಅಗಲವಾದ ರಸ್ತೆಯಿತ್ತು. 1905ರ ಆಗಸ್ಟಿನಲ್ಲಿ ಶಿವನಸಮುದ್ರದ ಕರೆಂಟು ಬಂದು ಬೆಂಗಳೂರಿನ ಬೀದಿ ದೀಪಗಳು ಹೊತ್ತಿದವು. ಅದೇ 1905ರಲ್ಲಿ ಬೆಂಗಳೂರು ಗಾಯನ ಸಮಾಜವೂ ಶುರುವಾಯಿತು. ಚರಿತ್ರೆಯ ಪುಸ್ತಕಗಳಲ್ಲಿ ಎರಡನೆಯದಕ್ಕೆ ಅಧ್ಯಾಯವೇ ಉಂಟು, ಮೊದಲನೆಯದು ವಿದ್ಯುತ್ ಇಲಾಖೆಯ ಕತೆಯಾಗಿ ಉಳಿದಿದೆ. ಕೇಳುಗರ ದೃಷ್ಟಿಯಿಂದ ನೋಡಿದರೆ ಬೀದಿ ದೀಪ ಕಡಿಮೆಯದೇನಲ್ಲ. ಕತ್ತಲಾದ ಮೇಲೆ ಮಕ್ಕಳು, ಹೆಂಗಸರು, ಮುದುಕರು ರಸ್ತೆಯಲ್ಲಿ ಕೂತು ರಾತ್ರಿ ಹತ್ತು ಗಂಟೆಗೆ ನಡೆದುಕೊಂಡು ಮನೆ ಸೇರಬಹುದು ಎಂಬ ಧೈರ್ಯ ಬಂದದ್ದು ಅದರಿಂದ.

ಆ ಧೈರ್ಯದ ದೊಡ್ಡ ಫಲ ಕಂಡದ್ದು 1939ರಲ್ಲಿ. ಎಸ್.ವಿ. ನಾರಾಯಣಸ್ವಾಮಿ ರಾವ್ ಆಗ ಇನ್ನೂ ಹುಡುಗ. ಓರಗೆಯವರನ್ನು ಸೇರಿಸಿಕೊಂಡು ಚಾಮರಾಜಪೇಟೆಯಲ್ಲಿ ಚಿಕ್ಕದಾಗಿ ರಾಮೋತ್ಸವ ನಡೆಸಿದರು. ಅದೇ ಶ್ರೀರಾಮಸೇವಾ ಮಂಡಳಿಯಾಯಿತು. ಟಿಪ್ಪುವಿನ ಬೇಸಿಗೆ ಅರಮನೆಗೆ ಹತ್ತಿರದ ಕೋಟೆ ಪ್ರೌಢಶಾಲೆಯ ಮೈದಾನ ಅದರ ನೆಲೆಯಾಯಿತು, ಒಂಬತ್ತು ದಿನದ ಉತ್ಸವ ಹಿಗ್ಗಿ ಹಿಗ್ಗಿ ಹೆಚ್ಚುಕಡಿಮೆ ತಿಂಗಳಿಡೀ ನಡೆಯುವಂತಾಯಿತು. ಚೆಂಬೈ, ಸೆಮ್ಮಂಗುಡಿ, ಎಂ.ಎಸ್. ಸುಬ್ಬುಲಕ್ಷ್ಮಿ, ಬಾಲಮುರಳಿಕೃಷ್ಣ ಇಲ್ಲಿ ಹಾಡಿದರು. ಉತ್ತರದ ಕಡೆಯಿಂದ ಭೀಮಸೇನ ಜೋಶಿ, ಬಿಸ್ಮಿಲ್ಲಾ ಖಾನ್ ಬಂದರು. ಒಳಗೆ ಕುರ್ಚಿಯಲ್ಲಿ ಕೂರುವವರಿಗೆ ಟಿಕೆಟ್ಟು. ಕಾಂಪೌಂಡಿನ ಆಚೆಗೆ ಟಿಕೆಟ್ಟಿಲ್ಲ. ಧ್ವನಿವರ್ಧಕದ ದನಿ ಗೋಡೆ ದಾಟುತ್ತಿತ್ತು, ಜನ ಫುಟ್‌ಪಾತಿನ ಮೇಲೆ ವೃತ್ತಪತ್ರಿಕೆ ಹಾಸಿಕೊಂಡು ಕೂರುತ್ತಿದ್ದರು, ಸ್ಕೂಟರಿನ ಸೀಟಿನ ಮೇಲೆ ಅಡ್ಡಡ್ಡ ಕೂತವರೂ ಇದ್ದರು. ಇಂಥದೇ ಮಾದರಿಯನ್ನು ಶೇಷಾದ್ರಿಪುರದ ಸಮಿತಿಯೂ ಹಿಡಿಯಿತು. ಮೈಸೂರಿನ ವಾಣಿವಿಲಾಸ ಮೊಹಲ್ಲಾದಲ್ಲಿ ಎಂಟನೇ ಕ್ರಾಸಿನ ರಸ್ತೆಯೇ ಗಣೇಶನ ಹಬ್ಬಕ್ಕೆ ಚಪ್ಪರವಾಗುತ್ತದೆ. ದೇವರು ಬದಲಾದ, ತಿಂಗಳು ಬದಲಾಯಿತು, ಕೂರುವ ಬಗೆ ಅದೇ ಉಳಿಯಿತು.

ಬಯಲು ಎಂಬುದು ಸಂಗೀತವನ್ನೂ ಬದಲಿಸಿತು ಎನ್ನುವುದಕ್ಕೆ ಒಂದು ವಾದ್ಯವೇ ಸಾಕ್ಷಿಯಾಗಿದೆ. ಗೋಡೆಗಳಿರುವ ಕೋಣೆಯಲ್ಲಿ ದನಿ ಗೋಡೆಗೆ ಬಡಿದು ತಿರುಗಿ ಬಂದು ಕಿವಿಗೆ ಬೀಳುತ್ತದೆ, ಸಣ್ಣ ದನಿಯೂ ತುಂಬಿಕೊಳ್ಳುತ್ತದೆ. ಬಯಲಲ್ಲಿ ಹಾಗಿಲ್ಲ, ಹೋದ ದನಿ ಹೋಯಿತು. ದೂರ ಇಮ್ಮಡಿಯಾದಂತೆಲ್ಲ ಅದರ ಮಟ್ಟ 6 ಡೆಸಿಬೆಲ್ ಇಳಿಯುತ್ತದೆ. ತೆಂಗಿನ ಗರಿ ಇನ್ನಷ್ಟನ್ನು ಕುಡಿದುಬಿಡುತ್ತದೆ. ಮೈಕು ಕಚೇರಿಗೆ ಕಾಲಿಡುವ ಮುಂಚೆ, 1920ರ ದಶಕದಲ್ಲಿ, ಸಾವಿರಾರು ಜನ ಸೇರುವ ಕಚೇರಿಗಳಲ್ಲಿ ಹಿಂದೆ ಕೂತವರಿಗೆ ಪಿಟೀಲು ಕೇಳುತ್ತಿರಲಿಲ್ಲ. ತಿರುಮಕೂಡಲಿನ ಚೌಡಯ್ಯನವರು ಅದಕ್ಕೆ ಕಂಡುಕೊಂಡ ಉಪಾಯ ಗೊತ್ತೇ ಇದೆ: ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ತಂತಿ ಕಟ್ಟಿ ಏಳು ಮಾಡಿದರು, ಒಂದೇ ಕಮಾನಿನೆಳೆತಕ್ಕೆ ಜೋಡಿ ತಂತಿಗಳು ಒಟ್ಟಿಗೆ ಮಿಡಿದು ದನಿ ದಪ್ಪವಾಯಿತು. ಇದನ್ನು ಒಬ್ಬ ಕಲಾವಿದನ ಜಾಣ್ಮೆಯ ಕತೆಯಾಗಿಯಷ್ಟೇ ಹೇಳುವುದು ರೂಢಿ. ಹಿಂದೆ ಕೂತವನ ಕಡೆಯಿಂದ ಅದನ್ನು ಒಮ್ಮೆ ಓದಿ ನೋಡಬೇಕು. ಮೂರು ಸಾಲು ಆಸ್ಥಾನಿಕರು ಕೂರುವ ದರ್ಬಾರಿಗೆ ಏಳು ತಂತಿ ಬೇಕಿರಲಿಲ್ಲ. ಹೆಸರು ಗೊತ್ತಿಲ್ಲದ, ಕಾಣಿಕೆ ಕೊಡದ, ಕಂಬದ ಆಚೆ ನಿಂತವನಿಗೂ ತನ್ನ ದನಿ ಮುಟ್ಟಬೇಕು ಎಂದು ವಿದ್ವಾಂಸನೊಬ್ಬ ತನ್ನ ವಾದ್ಯವನ್ನೇ ಬಿಚ್ಚಿ ಕಟ್ಟಿದ ಎಂದರೆ, ಆ ಹೊತ್ತಿಗೆ ಕೇಳುಗ ಎಂಬುವನ ಲೆಕ್ಕವೇ ಬದಲಾಗಿತ್ತು ಎಂದರ್ಥ. ಚೌಡಯ್ಯನವರು ಬೆಳೆದದ್ದು ಬಿಡಾರಂ ಕೃಷ್ಣಪ್ಪನವರ ಕೈಕೆಳಗೆ. ತಮ್ಮ ಕಚೇರಿಗಳ ಸಂಪಾದನೆಯನ್ನು ಸುರಿದು ಮೈಸೂರಿನಲ್ಲಿ ಪ್ರಸನ್ನ ಸೀತಾರಾಮ ಮಂದಿರ ಕಟ್ಟಿಸಿ, ರಾಮೋತ್ಸವಕ್ಕೆ ದೊಡ್ಡ ದೊಡ್ಡ ವಿದ್ವಾಂಸರನ್ನು ಕರೆಸಿದವರು ಕೃಷ್ಣಪ್ಪನವರು. ದಾಸರ ಪದಗಳಿಗೆ ಕಚೇರಿಯಲ್ಲಿ ಮರ್ಯಾದೆಯ ಜಾಗ ಕೊಡಿಸಿದವರೂ ಅವರೇ. ಅರ್ಥವಾಗುವ ಕನ್ನಡದ ಪದವೂ ದೂರ ಮುಟ್ಟುವ ತಂತಿಯೂ ಒಂದೇ ಗುರುಮನೆಯಿಂದ ಬಂದದ್ದು ಕಾಕತಾಳೀಯ ಎಂದು ನನಗೆ ತೋರುವುದಿಲ್ಲ.

ಇದರಲ್ಲಿ ನಷ್ಟವೂ ಆಯಿತು, ಅದನ್ನು ಮುಚ್ಚಿಡಬಾರದು. ಮೈಸೂರಿನ ಸ್ವಂತ ವಾದ್ಯ ವೀಣೆ. ಶೇಷಣ್ಣನವರು, ಸುಬ್ಬಣ್ಣನವರು ನುಡಿಸಿದ ಆ ವೀಣೆ ಪಕ್ಕದಲ್ಲಿ ಕೂತವನ ಜೊತೆ ಪಿಸುಮಾತಾಡುವ ವಾದ್ಯ. ಮೀಟಿದ ಮೇಲೆ ತಂತಿಯನ್ನು ಎಳೆದು ಹುಟ್ಟಿಸುವ ಗಮಕದ ಬಾಲ ಎರಡನೇ ಕಂಬ ದಾಟುವಷ್ಟರಲ್ಲಿ ಗಾಳಿಗೆ ಹೋಗುತ್ತದೆ. ಮುಂದೆ ಕಾಂಟ್ಯಾಕ್ಟ್ ಮೈಕು ಬಂದು ದನಿಯೇನೋ ದೊಡ್ಡದಾಯಿತು, ಜೊತೆಗೆ ನಾದದ ಬಣ್ಣವೂ ಬೇರೆಯಾಯಿತು. ವೈಣಿಕರಲ್ಲಿ ಅದರ ಬಗ್ಗೆ ಜಗಳ ಇನ್ನೂ ತೀರಿಲ್ಲ. ತಂಬೂರಿಯ ಗತಿಯೂ ಇದೇ. ಬಯಲಲ್ಲಿ ಅದರ ಝೇಂಕಾರ ಹಾಡುವವರ ಕಿವಿಗೇ ಸರಿಯಾಗಿ ಬೀಳುವುದಿಲ್ಲ. ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ವೇದಿಕೆ ಹತ್ತಿದ್ದಕ್ಕೆ ಅದೂ ಒಂದು ಕಾರಣ. ವೀಣೆಯ ಸೂಕ್ಷ್ಮ ಉಳಿಯಬೇಕಾದರೆ ಮನೆಯ ಪಡಸಾಲೆಯೇ ಬೇಕು. ಚಪ್ಪರ ಎಲ್ಲ ಸಂಗೀತಕ್ಕೂ ಒಳ್ಳೆಯದು ಎಂದು ನಾನು ಹೇಳುತ್ತಿಲ್ಲ.

ಈಗ ಎದುರು ವಾದಗಳಿಗೆ ಬರೋಣ. ಮೊದಲನೆಯದು ಅರಮನೆಯದು. ನಾಲ್ವಡಿ ಕೃಷ್ಣರಾಜ ಒಡೆಯರು ಇಲ್ಲದಿದ್ದರೆ ಮೈಸೂರಿಗೆ ಸಂಗೀತವೇ ಇರುತ್ತಿರಲಿಲ್ಲ, ವಿದ್ವಾಂಸರಿಗೆ ಅನ್ನ ಹಾಕಿದ್ದು ಆಸ್ಥಾನ, ಚಪ್ಪರ ಅದರ ಎಂಜಲು ಉಂಡಿತು ಎನ್ನುವವರಿದ್ದಾರೆ. ಅನ್ನದ ಮಾತು ನಿಜ. ಶೇಷಣ್ಣ, ಕೃಷ್ಣಪ್ಪ, ವಾಸುದೇವಾಚಾರ್ಯ, ಮುತ್ತಯ್ಯ ಭಾಗವತರು ಎಲ್ಲರೂ ಆಸ್ಥಾನ ವಿದ್ವಾಂಸರೇ. ಆದರೆ ಆಸ್ಥಾನ ಸಾಕಿದ್ದು ಹಾಡುವವರನ್ನು. ಕೇಳುವವರು ಆಹ್ವಾನಿತರು, ಪೇಟ ಸುತ್ತಿ, ಉದ್ದ ಕೋಟು ತೊಟ್ಟು, ತಮ್ಮ ದರ್ಜೆಗೆ ತಕ್ಕ ಜಾಗದಲ್ಲಿ ಕೂತವರು. ಮಹಾಸ್ವಾಮಿಯವರು ಕೂತಿರುವಾಗ ನಡುವೆ ಎದ್ದು ಹೋಗುವುದು ಉಂಟೆ? ಎದ್ದು ಹೋಗಲಾಗದವನು ಕೇಳುತ್ತಿದ್ದಾನೋ ಇಲ್ಲವೋ ಎಂಬುದನ್ನು ತಿಳಿಯುವ ದಾರಿಯೇ ಇಲ್ಲ. ನಾಲ್ವಡಿಯವರು ತೀರಿಕೊಂಡದ್ದು 1940ರಲ್ಲಿ, ರಾಮಸೇವಾ ಮಂಡಳಿ ಶುರುವಾದ ಮರುವರ್ಷ. ಜಯಚಾಮರಾಜ ಒಡೆಯರು ತಾವೇ ಕೃತಿಕಾರರು, ಸಂಗೀತದ ಮೇಲಿನ ಪ್ರೀತಿಗೆ ಕೊರತೆಯಿರಲಿಲ್ಲ, ಆದರೆ ಸಂಸ್ಥಾನ ಭಾರತದಲ್ಲಿ ಸೇರಿದ ಮೇಲೆ ಆಸ್ಥಾನವೆಂಬುದೇ ಕರಗಿತು. ವಾಸುದೇವಾಚಾರ್ಯರಂಥವರು ಇಳಿವಯಸ್ಸಿನಲ್ಲಿ ಮದರಾಸಿನ ಕಲಾಕ್ಷೇತ್ರಕ್ಕೆ ಪಾಠ ಹೇಳಲು ಹೋದರು. ಆಸ್ಥಾನವೇ ಕೇಳುಗರನ್ನೂ ಹುಟ್ಟಿಸಿದ್ದರೆ ಅದು ಕರಗಿದ ಮೇಲೆ ಕೇಳುಗರೂ ಚದುರಬೇಕಿತ್ತು. ಆದದ್ದು ತಿರುಗುಮುರುಗು: ಬೆಂಗಳೂರಿನ ಚಪ್ಪರಗಳು ತುಂಬಿದ್ದು ಅದೇ ದಶಕಗಳಲ್ಲಿ.

ಹಾಗಾದರೆ ರೇಡಿಯೋ ಎನ್ನಬಹುದು. ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ 1935ರಲ್ಲೇ ಬಾನುಲಿ ಶುರು ಮಾಡಿದ್ದರು, ಆಕಾಶವಾಣಿ ಎಂಬ ಹೆಸರು ಅಲ್ಲಿಯದು. 1955ರಲ್ಲಿ ನಿಲಯ ಬೆಂಗಳೂರಿಗೆ ಬಂತು. ಗ್ರಾಮಫೋನ್ ತಟ್ಟೆ ಅದಕ್ಕಿಂತ ಹಳೆಯದು. ಎರಡೂ ಸಂಗೀತವನ್ನು ಹರಡಿದವು, ಸಂಶಯವಿಲ್ಲ. ಆದರೆ ರೇಡಿಯೋ ಕಲಿಸುವ ಕೇಳ್ಮೆ ಒಂಟಿ ಕೇಳ್ಮೆ. ಪಕ್ಕದವನು ಎಲ್ಲಿ ತಲೆದೂಗಿದ, ಎಲ್ಲಿ ಸೊಲ್ಲು ತಪ್ಪಿದ್ದಕ್ಕೆ ಹುಬ್ಬು ಗಂಟಿಕ್ಕಿದ, ಮುಂದಿನ ಸಾಲಿನ ಅಜ್ಜ ತೊಡೆಯ ಮೇಲೆ ತಾಳ ಹಾಕುವಾಗ ಬೆರಳನ್ನು ಹೇಗೆ ಎಣಿಸಿದ ಎಂಬುದು ಅದರಲ್ಲಿ ಕಾಣುವುದಿಲ್ಲ. ತಾಳ ಹಾಕಲು ಯಾವ ಶಾಲೆಯಲ್ಲೂ ಕಲಿಯದ ಸಾವಿರಾರು ಗುಮಾಸ್ತರು, ಗೃಹಿಣಿಯರು ಆದಿತಾಳದ ಎಂಟು ಅಕ್ಷರಗಳನ್ನು ತಪ್ಪದೆ ಹಾಕುತ್ತಿದ್ದರು. ಆ ವಿದ್ಯೆ ಜಮಖಾನದ ಮೇಲೆ, ಪಕ್ಕದವರ ಕೈ ನೋಡಿ ಬಂದದ್ದು. ರೇಡಿಯೋ ಕೇಳಿ ಹೆಸರು ತಿಳಿದುಕೊಂಡವನು ಚಪ್ಪರಕ್ಕೆ ಬಂದ, ಚಪ್ಪರದಲ್ಲಿ ಕೇಳಿದವನು ಮನೆಗೆ ಹೋಗಿ ರೇಡಿಯೋ ಹಚ್ಚಿದ ಎಂದರೆ ಜಗಳ ಮುಗಿಯುತ್ತದೆ.

ಭಕ್ತಿಯ ಆಕ್ಷೇಪ ಇದಕ್ಕಿಂತ ಗಟ್ಟಿ. ಜನ ಸೇರಿದ್ದು ರಾಮನಿಗಾಗಿ, ಪಾನಕಕ್ಕಾಗಿ, ಸಂಗೀತಕ್ಕಾಗಿ ಅಲ್ಲ. ಅವರನ್ನು ಕೇಳುಗರೆಂದು ಎಣಿಸುವುದೇ ತಪ್ಪು ಎಂಬುದು ಅದರ ಸಾರ. ಹೌದು, ಬಹಳ ಜನ ಬಂದದ್ದು ದೇವರ ಹೆಸರಿನಲ್ಲೇ. ಆದರೆ ದೇವರ ಹೆಸರು ಏನನ್ನು ಸಾಧ್ಯ ಮಾಡಿತು ಎಂದು ಕೇಳಬೇಕು. 1940, 50ರ ದಶಕದ ಒಂದು ಮಧ್ಯಮವರ್ಗದ ಮನೆಯಲ್ಲಿ ಸೊಸೆ ‘ಸಂಗೀತ ಕಚೇರಿಗೆ ಹೋಗಿಬರುತ್ತೇನೆ’ ಎಂದರೆ ಅತ್ತೆಯ ಉತ್ತರ ಏನಿರುತ್ತಿತ್ತೆಂದು ಊಹಿಸುವುದು ಕಷ್ಟವಲ್ಲ. ‘ರಾಮೋತ್ಸವಕ್ಕೆ ಹೋಗಿಬರೋಣ ಬನ್ನಿ ಅತ್ತೆ’ ಎಂದರೆ ಅತ್ತೆಯೇ ಮುಂದಾಗಿ ಮಡಿಸೀರೆ ಸರಿಮಾಡಿಕೊಂಡು ಹೊರಡುತ್ತಿದ್ದರು. ಭಕ್ತಿ ಇಲ್ಲಿ ಅನುಮತಿಪತ್ರ. ಹಾಲು ಕುಡಿಯುವ ಮಗುವನ್ನು ಎತ್ತಿಕೊಂಡು ಸಭಾಂಗಣಕ್ಕೆ ಹೋಗುವಂತಿಲ್ಲ, ಚಪ್ಪರಕ್ಕೆ ಹೋಗಬಹುದು; ಅತ್ತರೆ ಎತ್ತಿಕೊಂಡು ಹೊರಗೆ ನಡೆದರಾಯಿತು, ಹೊರಗೂ ಹಾಡು ಕೇಳುತ್ತದೆ. ಅಮ್ಮನ ತೊಡೆಯ ಮೇಲೆ ನಿದ್ದೆ ಹೋದ ಆ ಮಗುವಿನ ನೆನಪಿನಿಂದಲ್ಲವೆ ನಾನು ಶುರು ಮಾಡಿದ್ದು. ಹತ್ತು ವರ್ಷ ಸತತವಾಗಿ ಚೈತ್ರದಲ್ಲಿ ಹೀಗೆ ನಿದ್ದೆ ಹೋದ ಮಗು ಹದಿನೈದಕ್ಕೆ ಕಲ್ಯಾಣಿಗೂ ಶಂಕರಾಭರಣಕ್ಕೂ ವ್ಯತ್ಯಾಸ ಗುರುತಿಸುತ್ತದೆ, ಯಾರೂ ಕಲಿಸದೆ. ರಾಮನಿಗಾಗಿ ಬಂದವರು ಮೂರು ಗಂಟೆ ರಾಗ ತಾನ ಪಲ್ಲವಿಗೆ ಕೂತದ್ದು ರಾಮನೊಬ್ಬನಿಗಾಗಿಯೇ ಎನ್ನಲು ಬರುವುದಿಲ್ಲ. ಮಂಗಳಾರತಿಗೆ ಅಷ್ಟು ಹೊತ್ತು ಬೇಡ.

ಗದ್ದಲದ ದೂರು ಪಂಡಿತರಿಂದ ಬರುವಂಥದ್ದು. ಹಾರ್ನು, ಕಡಲೆಕಾಯಿ ಮಾರುವವನ ಕೂಗು, ನಡುವೆ ಎದ್ದು ಓಡಾಡುವವರು, ತನಿ ಶುರುವಾದರೆ ಚಪ್ಪಲಿ ಹುಡುಕುವವರು, ಇವುಗಳ ಮಧ್ಯೆ ಎಂಥ ಸಂಗೀತ? ಸಭಾಂಗಣದ ಶಿಸ್ತೇ ಸಂಗೀತಕ್ಕೆ ಗೌರವ ಎಂದು ಅವರ ನಂಬಿಕೆ. (ತನಿಗೆ ಎದ್ದು ಹೋಗುವ ಚಾಳಿ ಹವಾನಿಯಂತ್ರಿತ ಸಭಾಂಗಣಗಳಲ್ಲೂ ಹಾಗೇ ಉಳಿದಿದೆ, ಅಲ್ಲಿ ಕ್ಯಾಂಟೀನು ಇನ್ನೂ ಹತ್ತಿರ ಎಂಬುದಷ್ಟೇ ವ್ಯತ್ಯಾಸ.) ಆದರೆ ಕೂತವರು ಏಕೆ ಕೂತಿದ್ದಾರೆ ಎಂದು ನೋಡಿ. ಟಿಕೆಟ್ಟು ಕೊಂಡವನು ಹಣಕ್ಕಾಗಿ ಕೂರುತ್ತಾನೆ, ದರ್ಬಾರಿನವನು ಭಯಕ್ಕೆ ಕೂರುತ್ತಾನೆ. ಫುಟ್‌ಪಾತಿನವನಿಗೆ ಯಾವ ಹಂಗೂ ಇಲ್ಲ; ಮನೆ ಎದುರಿಗಿದೆ, ಊಟ ಕಾದಿದೆ, ಬೆಳಿಗ್ಗೆ ಆಫೀಸಿದೆ. ಅವನು ಕೂತಿದ್ದರೆ ಹಾಡು ಹಿಡಿದು ಕೂರಿಸಿದೆ ಎಂದೇ ಅರ್ಥ. ಹಾಡುವವರಿಗೂ ಇದು ಗೊತ್ತಿತ್ತು. ಅರಿಯಾಕುಡಿ ರಾಮಾನುಜ ಅಯ್ಯಂಗಾರರು ರೂಪಿಸಿದ ಕಚೇರಿ ಪದ್ಧತಿ ಮದರಾಸಿನ ಸಭೆಗಳಲ್ಲಿ ನೆಲೆಯಾದದ್ದು: ವರ್ಣದಿಂದ ಶುರು, ಮೊದಲಿಗೆ ಚುರುಕಾದ ಕೃತಿಗಳು, ನಡುವೆ ಭಾರವಾದದ್ದು ಒಂದು, ಕೊನೆಗೆ ಹಗುರವಾದ ಪದಗಳು. ತಡವಾಗಿ ಬಂದವನಿಗೂ ಬೇಗ ಹೋಗುವವನಿಗೂ ಪಾಲು ಸಿಗುವ ಹಂಚಿಕೆ ಅದು. ಆದ್ದರಿಂದಲೇ ಚಪ್ಪರಕ್ಕೆ ಹೇಳಿ ಮಾಡಿಸಿದ ಹಾಗೆ ಹೊಂದಿಕೊಂಡಿತು. ಕೊನೆಯ ದೇವರನಾಮಕ್ಕೆಂದೇ ಅಡುಗೆ ಮುಗಿಸಿ ಬರುವವರು ಇದ್ದೇ ಇರುತ್ತಿದ್ದರು. ಅವರನ್ನು ಅರ್ಧ ಕೇಳುಗರು ಎಂದು ಜರೆಯುವುದು ಸುಲಭ, ಆದರೆ ಕಾಲು ಕೇಳುಗ ಅರ್ಧವಾಗುವುದು, ಅರ್ಧ ಕೇಳುಗ ಪೂರ್ತಿಯಾಗುವುದು ಇಂಥ ಸಡಿಲಿನಲ್ಲೇ.

ನನಗೆ ನಿಜವಾಗಿ ಉತ್ತರಿಸಲು ಕಷ್ಟವಾಗುವ ಆಕ್ಷೇಪ ಬೇರೆ. ಬಾಗಿಲಿಲ್ಲ ಎನ್ನುತ್ತೀರಿ, ಸರಿ. ಆದರೆ ಚಪ್ಪರ ಎದ್ದದ್ದು ಎಲ್ಲಿ? ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರ. ಪ್ರಸಾದ ಹಂಚಿದವರು ಯಾರು, ಮುಂದೆ ಕೂತವರು ಯಾರು? ಬಹುಪಾಲು ಬ್ರಾಹ್ಮಣ ಕುಟುಂಬಗಳು. ಶುರುವಿನಲ್ಲಿ ಮಂಗಳವಾದ್ಯ ನುಡಿಸಿದ ನಾಗಸ್ವರದವರು, ಡೋಲಿನವರು ವೇದಿಕೆಯ ಕೆಳಗೋ ಪಕ್ಕದಲ್ಲೋ ನಿಂತು ನುಡಿಸಿ, ಮುಖ್ಯ ಕಚೇರಿ ಶುರುವಾಗುವ ಹೊತ್ತಿಗೆ ಸರಿದು ಹೋಗುತ್ತಿದ್ದರು. ಬಯಲಿದ್ದ ಮಾತ್ರಕ್ಕೆ ಎಲ್ಲರಿಗೂ ತೆರೆದಿರುತ್ತದೆ ಎಂದೇನಿಲ್ಲ. ಅದಕ್ಕೆ ತಿರುವೈಯಾರೇ ಸಾಕ್ಷಿ. ಕಾವೇರಿಯ ದಂಡೆ, ಮೇಲೆ ಆಕಾಶ, ಆದರೂ ತ್ಯಾಗರಾಜರ ಆರಾಧನೆಯಲ್ಲಿ ಹೆಂಗಸರು ಹಾಡುವಂತಿರಲಿಲ್ಲ. ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮನವರು ತಮ್ಮ ಸಂಪಾದನೆಯಿಂದ ಅಲ್ಲಿ ಸಮಾಧಿ ಮಂದಿರ ಕಟ್ಟಿಸಿದರು. ಆಮೇಲೂ ಹಾಡಲು ಬಿಡದಿದ್ದಾಗ ದೇವದಾಸಿಯರನ್ನು ಸೇರಿಸಿಕೊಂಡು ತಮ್ಮದೇ ಬೇರೆ ಆರಾಧನೆ ನಡೆಸಿದರು. ಬಣಗಳೆಲ್ಲ ಒಂದಾಗುವ ಹೊತ್ತಿಗೆ 1940 ಬಂತು. ಕಟ್ಟಿಸಿಕೊಟ್ಟವಳನ್ನೇ ಹೊರಗಿಟ್ಟ ಬಯಲು ಅದು. ಬೆಂಗಳೂರಿನ ಚಪ್ಪರ ಆ ದೋಷದಿಂದ ಪೂರ್ತಿ ಪಾರಾಗಿತ್ತು ಎಂದು ನಾನು ಹೇಳಲಾರೆ. ಆದರೆ ಅದರ ಅಂಚು ಬಿಗಿಯಾಗಿರಲಿಲ್ಲ ಎಂಬುದಕ್ಕೆ ಗುರುತುಗಳಿವೆ. ರಾಮನ ಮುಂದೆ ಬಿಸ್ಮಿಲ್ಲಾ ಖಾನರ ಶಹನಾಯಿ ಮೊಳಗಿತು. ಹುಟ್ಟಿನಿಂದ ಕ್ರೈಸ್ತರಾದ ಕಾರಣಕ್ಕೆ ಗುರುವಾಯೂರಿನ ಗುಡಿಯೊಳಗೆ ಪ್ರವೇಶ ಸಿಗದ ಜೇಸುದಾಸ್ ಕೋಟೆ ಪ್ರೌಢಶಾಲೆಯ ಚಪ್ಪರದಲ್ಲಿ ವರ್ಷವರ್ಷವೂ ಹಾಡಿದರು, ಅವರ ದಿನ ಹೊರಗಿನ ರಸ್ತೆ ಒಳಗಿಗಿಂತ ತುಂಬಿರುತ್ತಿತ್ತು. ಕುರ್ಚಿಯ ಸಾಲಿನಲ್ಲಿ ಜಾತಿಯ ಲೆಕ್ಕ ಸಿಗಬಹುದು. ಫುಟ್‌ಪಾತಿನಲ್ಲಿ ಯಾರೂ ಗೋತ್ರ ಕೇಳಲಿಲ್ಲ. ಇದು ಸಮಾನತೆಯಲ್ಲ. ಆದರೆ ದರ್ಬಾರಿನಲ್ಲಾಗಲಿ ಸದಸ್ಯರ ಸಭೆಯಲ್ಲಾಗಲಿ ಈ ಫುಟ್‌ಪಾತು ಇರಲಿಲ್ಲ.

ಉತ್ತರ ಕರ್ನಾಟಕದಲ್ಲಿ ಇದರದೇ ಇನ್ನೊಂದು ರೂಪವಿದೆ. ಕುಂದಗೋಳದ ನಾಡಿಗೇರ ವಾಡೆಯಲ್ಲಿ ಸವಾಯಿ ಗಂಧರ್ವರ ಪುಣ್ಯತಿಥಿಗೆ ಅಹೋರಾತ್ರಿ ಸಂಗೀತ. ಅಬ್ದುಲ್ ಕರೀಂ ಖಾನರು ಸವಾಯಿ ಗಂಧರ್ವರಿಗೆ ಕಲಿಸಿದ ನೆಲ ಅದು. ಗಂಗೂಬಾಯಿ ಹಾನಗಲ್ ಪಾಠಕ್ಕೆಂದು ಹುಬ್ಬಳ್ಳಿಯಿಂದ ರೈಲು ಹತ್ತಿ ಬರುತ್ತಿದ್ದ ಊರು. ಭೀಮಸೇನ ಜೋಶಿಯವರು ಅದೇ ಗುರುವಿನ ಹೆಸರಲ್ಲಿ 1953ರಲ್ಲಿ ಪುಣೆಯಲ್ಲಿ ಶುರು ಮಾಡಿದ ಉತ್ಸವ ಶಾಲೆಯ ಮೈದಾನದ ಪೆಂಡಾಲಿನಲ್ಲಿ ಬೆಳಗಿನ ಜಾವದವರೆಗೆ ನಡೆಯುತ್ತಿತ್ತು. ಡಿಸೆಂಬರಿನ ಚಳಿಗೆ ಜನ ಶಾಲು, ಕಂಬಳಿ ಹೊದ್ದು ಬರುತ್ತಿದ್ದರು. ಹಿಂದುಸ್ತಾನಿಯಲ್ಲಿ ರಾಗಕ್ಕೊಂದು ಹೊತ್ತುಂಟು. ರಾತ್ರಿಯಿಡೀ ಕೂತವನಿಗೆ ಮಾತ್ರ ಲಲಿತ್ ಅದರ ಹೊತ್ತಿನಲ್ಲೇ, ಪೂರ್ವ ಕೆಂಪಾಗುವುದನ್ನು ನೋಡುತ್ತ, ದಕ್ಕುತ್ತಿತ್ತು.

ಅದಕ್ಕೆ ಕೊನೆ ಹಾಡಿದ್ದು 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಂತ್ರಣ ನಿಯಮಗಳು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಕೂಡದು. ಮುಚ್ಚಿದ ಸಭಾಂಗಣಗಳಿಗೆ, ಕಲ್ಯಾಣಮಂಟಪಗಳಿಗೆ ಮಾತ್ರ ಬಿಡುವು. ಹಬ್ಬಗಳಿಗಾಗಿ ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿವರೆಗೆ ಸಡಿಲಿಸುವ ಅಧಿಕಾರ ಆಮೇಲೆ ರಾಜ್ಯಗಳಿಗೆ ಸಿಕ್ಕಿತು, ತಿಂಗಳುಗಟ್ಟಲೆಯ ರಾಮೋತ್ಸವಕ್ಕೆ ಅದು ಸಾಲದು. ನಿಯಮ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಆಸ್ಪತ್ರೆಯ ಪಕ್ಕದಲ್ಲಿ ಮಲಗಿದವನಿಗೆ ಗಣೇಶನ ಹಬ್ಬದ ಆರ್ಕೆಸ್ಟ್ರಾ ಎಂಥ ಹಿಂಸೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಕಾನೂನಿನ ಕಣ್ಣಿನಲ್ಲಿ ಸಂಗೀತಕ್ಕೂ ಸಂಗೀತಕ್ಕೂ ಇರುವ ವ್ಯತ್ಯಾಸ ಈಗ ಗೋಡೆಯೊಂದೇ. ನಾಲ್ಕೂವರೆ ಗಂಟೆಯ ಕಚೇರಿಗಳು ಎರಡೂವರೆಗೆ ಇಳಿದವು, ಒಂಬತ್ತೂವರೆಗೆ ಮಂಗಳ. ಮೊದಲು ಕತ್ತರಿ ಬಿದ್ದದ್ದು ಪಲ್ಲವಿಗೆ, ಆಮೇಲೆ ತನಿಗೆ.

ಬಯಲಿನ ಕೊನೆಯ ಸಾಲಿಗೂ ಕೇಳಲೆಂದು ಏಳು ತಂತಿ ಕಟ್ಟಿದ ಚೌಡಯ್ಯನವರಿಗೆ ಬೆಂಗಳೂರು ಕಟ್ಟಿದ ಸ್ಮಾರಕ ಒಂದು ಸಭಾಂಗಣ. 1980ರಲ್ಲಿ ತೆರೆದ ಆ ಕಟ್ಟಡ ಪಿಟೀಲಿನ ಆಕಾರದಲ್ಲೇ ಇದೆ, ತಂತಿ, ಕುದುರೆ, ಬಿರಡೆ ಎಲ್ಲ ಉಂಟು. ಒಳಗೆ ಸಾವಿರಕ್ಕೆ ಮೀರಿ ಆಸನಗಳು, ದನಿ ಕೊನೆಯ ಸಾಲಿಗೂ ಚೊಕ್ಕಟವಾಗಿ ಮುಟ್ಟುತ್ತದೆ. ಹೊರಗೆ ರಸ್ತೆಯಲ್ಲಿ ಆಟೋ ನಿಲ್ಲಿಸಿಕೊಂಡವನಿಗೆ ಒಳಗೆ ಏನು ನಡೆಯುತ್ತಿದೆ ಎಂದು ತಿಳಿಯಬೇಕಾದರೆ ಗೇಟಿನ ಬ್ಯಾನರ್ ಓದಬೇಕು.